ಟೇಪಕ್ಕನ ಆರು ಪರದೆಗಳು

ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಹೆಂಗಸಿಗೆ ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಬದುಕಿತ್ತು. ಉಳಿದಂತೆ ಜವಾನರಿಂದ ಹಿಡಿದು ಕುಲಪತಿಗಳವರೆಗೆ ಎಲ್ಲರ ಬಾಯಲ್ಲೂ ಆಕೆ ಟೇಪಕ್ಕ. ದರ್ಜಿಗಳು ಹಾಕಿಕೊಳ್ಳುವಂಥ ಅಳತೆಯ ಟೇಪೊಂದು ಸದಾ ಕೊರಳಲ್ಲಿ ಇಳಿಬಿದ್ದಿರುತ್ತಿತ್ತು. ಬೀರು ಬಂದರೆ ಬೀರು ಅಳೆಯುವಳು, ಬೀರು ನುಗ್ಗಬೇಕಾದ ಬಾಗಿಲು ಅಳೆಯುವಳು, ಹೊತ್ತು ತಂದವರನ್ನೂ ಕಣ್ಣಲ್ಲೇ ಒಮ್ಮೆ ಅಳೆದು ಮುಗಿಸುವಳು. ಹೊಸ ಕುಲಪತಿಗಳು ವಿಭಾಗ ನೋಡಲು ಬರುತ್ತಾರೆಂದು ತಿಳಿದಾಗ, ದೂರದಿಂದಲೇ ಅವರ ಭುಜದ ಅಗಲ ಅಂದಾಜು ಮಾಡಿ ಬಾಗಿಲಿನ ಎರಡನೇ ರೆಕ್ಕೆಯನ್ನೂ ತೆರೆಸಿಬಿಟ್ಟಳು. ಇಡೀ ವಿಶ್ವವಿದ್ಯಾಲಯದಲ್ಲಿ ಅವರು ಅಡ್ಡ ತಿರುಗದೆ ನೆಟ್ಟಗೆ ಒಳಗೆ ಬಂದದ್ದು ಅದೊಂದೇ ವಿಭಾಗಕ್ಕೆ ಎಂದು ಇಂದಿಗೂ ಹೇಳುತ್ತಾರೆ.

ಟೇಪು ಗಂಡನದು. ಗಂಡ ದರ್ಜಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅವನು ಹೊಸ ಟೇಪು ಕೊಂಡ ದಿನ ಹಳೆಯದನ್ನು ಹೆಂಡತಿಯ ಕೊರಳಿಗೆ ಹಾಕಿದ. "ಚಿನ್ನದ ಸರ ಯಾವಾಗ ಹಾಕ್ತೀರಿ?" ಎಂದು ಅವಳು ಕೇಳಿದ್ದಕ್ಕೆ, "ಇದರಲ್ಲಿ ಅಂಕಿಗಳಾದ್ರೂ ಇವೆ, ಚಿನ್ನದಲ್ಲಿ ಏನಿದೆ?" ಎಂದಿದ್ದ. ಆ ಟೇಪು ಮುಂದೆ ಎಂಥ ಪೇಚಿಗೆ ಸಿಕ್ಕಿಸುತ್ತದೆಂದು ಆಗ ಇಬ್ಬರಿಗೂ ಗೊತ್ತಿರಲಿಲ್ಲ.

ಆ ಕಾಲದಲ್ಲಿ ವಿಶ್ವವಿದ್ಯಾಲಯಕ್ಕೆಲ್ಲ ಸೇರಿ ಇದ್ದದ್ದು ಒಂದೇ ಕಂಪ್ಯೂಟರು. ಆರು ಬೀರುಗಳನ್ನು ಸಾಲಾಗಿ ನಿಲ್ಲಿಸಿದಷ್ಟು ದೊಡ್ಡದು. ಬಿಸಿಯಾದರೆ ಮುನಿಸಿಕೊಳ್ಳುತ್ತದೆಂದು ಅದರ ಕೋಣೆಯನ್ನು ಎಷ್ಟು ತಣ್ಣಗೆ ಇಟ್ಟಿದ್ದರೆಂದರೆ, ಒಳಗೆ ಹೋದ ನೊಣ ಹೊರಗೆ ಬರುವಾಗ ಸೀನುತ್ತಿತ್ತು. ಅದನ್ನು ನೋಡಿಕೊಳ್ಳುವ ಆಪರೇಟರು ಮೇ ತಿಂಗಳಲ್ಲೂ ಕಂಬಳಿ ಹೊದ್ದೇ ಓಡಾಡುತ್ತಿದ್ದ. ಅದಕ್ಕೇ ಅವನು ಕಂಬಳಿಯಣ್ಣ. ಮಿಷನ್ ಕೋಣೆಗೂ ಪಕ್ಕದ ದೊಡ್ಡ ಕೋಣೆಗೂ ನಡುವಿನ ಗೋಡೆಯಲ್ಲಿ, ಟಿಕೆಟ್ ಕೌಂಟರಿನಂಥ ಸಣ್ಣ ಕಿಟಕಿ. ಆ ಕಿಟಕಿಯ ಅರಸು ಅವನೇ.

ವಿದ್ಯಾರ್ಥಿಗಳು ತಮ್ಮ ಲೆಕ್ಕದ ಒಂದೊಂದು ಸಾಲನ್ನೂ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತುಗಳಾಗಿ ಕೊರೆಸಿ, ಕಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿ, ಆ ಕಿಟಕಿಯಲ್ಲಿ ಕೊಡಬೇಕು. ಕಂಬಳಿಯಣ್ಣ ಟೋಕನ್ ಕೊಡುತ್ತಾನೆ. ಎರಡು ದಿನ ಬಿಟ್ಟು ಬಂದರೆ ಉತ್ತರ. ಉತ್ತರವೆಂದರೆ ಹೆಚ್ಚಿನ ಸಲ ಒಂದೇ ಸಾಲು: ಏಳನೇ ಕಾರ್ಡಿನಲ್ಲಿ ತಪ್ಪಿದೆ. ಅದನ್ನು ತಿದ್ದಿ ಕೊಟ್ಟರೆ ಮತ್ತೆರಡು ದಿನಕ್ಕೆ, ಒಂಬತ್ತನೇ ಕಾರ್ಡಿನಲ್ಲಿ ತಪ್ಪಿದೆ. ಹೀಗೆ ಕಾದು ಕಾದು, ಮೀಸೆ ಮೂಡುವ ಮೊದಲು ಕಾರ್ಡು ಕೊಟ್ಟವನು ಮಗನ ಮದುವೆಯ ಕರೆಯೋಲೆ ಜೊತೆ ಉತ್ತರ ಒಯ್ದನಂತೆ. ಇದರಲ್ಲಿ ಸ್ವಲ್ಪ ಉಪ್ಪು ಖಾರ ಬೆರೆತಿರಬಹುದು, ಆದರೆ ಸ್ವಲ್ಪವೇ.

ಟೇಪಕ್ಕನ ಸ್ಟೋರಿನ ಬಾಗಿಲು ಆ ದೊಡ್ಡ ಕೋಣೆಗೇ ತೆರೆಯುತ್ತಿತ್ತು. ಕಾಯುವವರ ಮುಖ ದಿನವೂ ಅವಳ ಎದುರಿಗೆ. ಅದನ್ನು ಅವಳಿಗೆ ನೋಡಲಾಗದಿದ್ದುದಕ್ಕೆ ಕಾರಣವಿತ್ತು. ಹನ್ನೊಂದು ವರ್ಷದ ಹಿಂದೆ ಅವಳೂ ಇಲ್ಲೇ ಸಂಜೆ ತರಗತಿಗೆ ಸೇರಿದ್ದಳು. ಎದೆಸುತ್ತು, ತೋಳು, ಉದ್ದ ಕೊಟ್ಟರೆ ಒಂದು ಅಂಗಿಗೆ ಎಷ್ಟು ಬಟ್ಟೆ ಬೇಕೆಂದು ಹೇಳುವ ಲೆಕ್ಕವನ್ನು ಹದಿನಾಲ್ಕು ಕಾರ್ಡಿನಲ್ಲಿ ಬರೆದಿದ್ದಳು. ಏಳು ಸಲ ಕೊಟ್ಟಳು, ಏಳು ಸಲವೂ ಏಳನೇ ಕಾರ್ಡಿನಲ್ಲಿ ತಪ್ಪಿದೆ ಎಂದಷ್ಟೇ ಹೇಳಿ ಕಟ್ಟು ತಿರುಗಿ ಬಂತು. ಎಂಟನೇ ಸಲ ಕೊಡುವಷ್ಟರಲ್ಲಿ ಅವಧಿ ಮುಗಿದು ತರಗತಿಯೇ ಮುಚ್ಚಿತು. ಪರೀಕ್ಷೆ ಹೋಯಿತು, ಸ್ಟೋರಿನ ಕೆಲಸ ಸಿಕ್ಕಿತು. ಆ ಹದಿನಾಲ್ಕು ಕಾರ್ಡುಗಳು ಇನ್ನೂ ಅವಳ ಮೇಜಿನ ಖಾನೆಯಲ್ಲಿ ಅದೇ ರಬ್ಬರ್ ಬ್ಯಾಂಡಿನಲ್ಲಿ ಬಿದ್ದಿದ್ದವು. ಆ ಕಾರ್ಡಿನಲ್ಲಿ ತಪ್ಪೇನಿತ್ತೆಂದು ಅವಳಿಗೆ ಕೊನೆಗೂ ತಿಳಿಯಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಸುದ್ದಿ ಬಂತು: ಕಂಪ್ಯೂಟರಿಗೆ ಆರು ಟರ್ಮಿನಲ್ ಕೊಳ್ಳಲು ಮಂಜೂರಾಗಿದೆ. ಟರ್ಮಿನಲ್ ಅಂದರೆ ಒಂದು ಪರದೆ, ಮುಂದೆ ಟೈಪ್‌ರೈಟರಿನಂಥ ಕೀಲಿಗಳು. ಅದಕ್ಕೆ ಸ್ವಂತ ತಲೆಯಿಲ್ಲ. ತಂತಿಯ ಮೂಲಕ ದೊಡ್ಡ ಮಿಷನ್ನಿನ ತಲೆಯನ್ನೇ ಆರೂ ಹಂಚಿಕೊಳ್ಳುತ್ತವೆ. ಕಾರ್ಡು ಬೇಡ, ಟೋಕನ್ ಬೇಡ. ಟೈಪು ಮಾಡಿದ ಕೂಡಲೇ ತಪ್ಪು ಎಲ್ಲಿದೆಯೆಂದು ಪರದೆಯೇ ಹೇಳುತ್ತದೆ. ಇದನ್ನು ಕೇಳಿದ ದಿನ ಟೇಪಕ್ಕ ಸ್ಟೋರಿನ ಬೀಗವನ್ನು ಮೂರು ಸಲ ತಪ್ಪು ಕೀಲಿ ಹಾಕಿ ತೆಗೆಯಲು ನೋಡಿದಳು. ಕಾಲು ನೆಲದ ಮೇಲೆ ನಿಂತರಲ್ಲವೇ.

ಮೊದಲ ಸಭೆಯಲ್ಲೇ ಆ ಸಂಭ್ರಮಕ್ಕೆ ತಣ್ಣೀರು ಬಿತ್ತು. ಖರೀದಿ ಸಮಿತಿಯಲ್ಲಿ ಆರು ಪ್ರೊಫೆಸರರು. ಪರದೆಗಳೂ ಆರು. ಲೆಕ್ಕವನ್ನು ದೇವರೇ ಕೂಡಿಸಿ ಕಳಿಸಿದ ಹಾಗಿತ್ತು.

"ನನ್ನ ರೂಮಲ್ಲಿ ಕಿಟಕಿ ಪಕ್ಕ ಜಾಗ ಇದೆ," ಎಂದರು ಅಧ್ಯಕ್ಷರು. ಅವರ ರೂಮು ಮೇಲಿನ ಮಹಡಿಯಲ್ಲಿ. ಉಳಿದ ಐವರ ರೂಮುಗಳೂ ಅಲ್ಲೇ. ಒಬ್ಬೊಬ್ಬರೂ ತಮ್ಮ ತಮ್ಮ ರೂಮಿನ ಜಾಗ ವರ್ಣಿಸಿದರು.

ನಡಾವಳಿ ಬರೆಯಲು ಮೂಲೆಯಲ್ಲಿ ಕೂತಿದ್ದ ಟೇಪಕ್ಕ ಪೆನ್ನು ಕೆಳಗಿಟ್ಟಳು. "ಮಂಜೂರಾತಿ ಪತ್ರದಲ್ಲಿ ಪ್ರಯೋಗಾಲಯಕ್ಕೆ ಅಂತ ಇದೆ ಸಾರ್. ಮಕ್ಕಳಿಗೆ ಅಂತ."

"ಇನ್ನೂರು ಮಕ್ಕಳು, ಆರು ಪರದೆ," ಅಧ್ಯಕ್ಷರು ನಕ್ಕರು. "ಹೇಗೆ ಹಂಚ್ತೀರಮ್ಮ? ಒಬ್ಬರಿಗೆ ಒಂದು ಕೀಲಿ ಬರುತ್ತೆ ಅಷ್ಟೇ. ಕಿತ್ತಾಡಿ ಸಾಯ್ತಾರೆ. ಮೊದಲು ನಾವು ಕಲಿಯೋಣ, ಆಮೇಲೆ ಅವರಿಗೆ."

ಆಮೇಲೆ ಎಂಬ ಮಾತಿನ ಆಯಸ್ಸು ಟೇಪಕ್ಕನಿಗೆ ಗೊತ್ತಿತ್ತು. ಒಮ್ಮೆ ಮಹಡಿ ಹತ್ತಿದ ವಸ್ತು ಮತ್ತೆ ಇಳಿದದ್ದನ್ನು ಅವಳ ರಿಜಿಸ್ಟರು ಎಂದೂ ಕಂಡಿರಲಿಲ್ಲ. ಆರು ಫ್ಯಾನು ಹತ್ತಿದ್ದವು, ಆರೂ ಅಲ್ಲೇ ತಿರುಗುತ್ತಿದ್ದವು. ಈ ಪರದೆಗಳೂ ಹತ್ತಿಬಿಟ್ಟರೆ ಕೆಳಗಿನ ಮಕ್ಕಳಿಗೆ ಇನ್ನೊಂದು ಹನ್ನೊಂದು ವರ್ಷ ಅದೇ ಕಿಟಕಿ, ಅದೇ ಟೋಕನ್ನು.

ಸಂಜೆ ಮನೆಗೆ ಬಂದವಳ ಮುಖ ನೋಡಿ ಅತ್ತೆ ಗುಂಡಿ ಹೊಲಿಯುವುದನ್ನು ನಿಲ್ಲಿಸಿದರು. "ಏನಾಯ್ತೇ? ಮುಖ ಇಸ್ತ್ರಿ ಕಾಣದ ಅಂಗಿ ಹಾಗಿದೆ."

ಹೇಳಿದಳು. ಅತ್ತೆ ಕೇಳಿಸಿಕೊಂಡು ತಮ್ಮ ಕನ್ನಡಕ ತೆಗೆದು ಮಗನಿಗೆ ಕೊಟ್ಟರು. ಅವನು ಅದನ್ನು ಹಾಕಿಕೊಂಡು ಸೂಜಿಗೆ ದಾರ ಪೋಣಿಸಿ, ತಿರುಗಿ ತಾಯಿಗೆ ಕೊಟ್ಟ. ಆ ಮನೆಯಲ್ಲಿ ಕನ್ನಡಕ ಒಂದೇ. ಎಂಟು ವರ್ಷದಿಂದ ಅದು ಒಂದು ಮೂಗಿನಿಂದ ಇನ್ನೊಂದಕ್ಕೆ ಓಡಾಡಿ, ಎರಡೂ ಮೂಗುಗಳ ಆಕಾರಕ್ಕೆ ಹೊಂದಿಕೊಂಡಿತ್ತು.

"ಇಬ್ಬರು ಒಂದು ಕನ್ನಡಕದಲ್ಲಿ ಸಂಸಾರ ಮಾಡ್ತಿಲ್ವಾ?" ಎಂದರು ಅತ್ತೆ. "ಹಂಚಿಕೊಳ್ಳೋಕೆ ವಸ್ತು ಹೆಚ್ಚಿರಬೇಕಾಗಿಲ್ಲ, ಸರದಿ ಗೊತ್ತಿರಬೇಕು. ನಿನ್ನ ಪ್ರೊಫೆಸರಿಗೆ ನಾನು ಬಂದು ಹೇಳ್ಲಾ?"

"ಬೇಡ ಅತ್ತೆ, ಆಮೇಲೆ ನಿಮ್ಮನ್ನೂ ಸಮಿತಿಗೆ ಹಾಕ್ತಾರೆ."

ದರ್ಜಿ ಹೊಲಿಗೆ ಮಿಷನ್ನಿನಿಂದ ತಲೆಯೆತ್ತದೆ ಹೇಳಿದ: "ಸರದಿಗೆ ನಾನು ಚಿಂದಿ ಕತ್ತರಿಸಿ ಕೊಡ್ತೀನಿ. ಆರು ಪರದೆಗೆ ಆರು ಬಣ್ಣ, ಮೇಲೆ ನಂಬರು. ಆದ್ರೆ ಮೊದಲು ಪರದೆ ಕೆಳಗೆ ಉಳೀಬೇಕಲ್ಲ. ನನ್ನ ಗಿರಾಕಿಗಳನ್ನ ನೋಡು. ಬಟನ್ ಬಣ್ಣಕ್ಕೆ ಒಂದು ಗಂಟೆ ಜಗಳ ಆಡ್ತಾರೆ. ಹೊಲಿಗೆ ಒಳಗೆ ಎಷ್ಟು ಬಟ್ಟೆ ಬಿಟ್ಟಿದೀನಿ ಅಂತ ಒಬ್ಬನೂ ಕೇಳಲ್ಲ. ಅಂಗಿ ನಿಲ್ಲೋದು ಅದರ ಮೇಲೆ."

ಆ ಮಾತು ಅವಳ ತಲೆಯಲ್ಲಿ ಗುಂಡುಸೂಜಿಯ ಹಾಗೆ ಚುಚ್ಚಿಕೊಂಡಿತು. ಮರುದಿನ ಅವಳು ನೇರ ಮಿಷನ್ ಕೋಣೆಗೆ ಹೋಗಿ, ನಡುಗುತ್ತಾ ಕೇಳಿದಳು: "ಕಂಬಳಿಯಣ್ಣ, ಪರದೆಯಿಂದ ಮಿಷನ್ನಿಗೆ ತಂತಿ ಎಷ್ಟು ಉದ್ದ ಇರಬಹುದು?"

"ಹದಿನೈದು ಮೀಟರ್," ಎಂದ ಅವನು, ಮಿಷನ್ನಿನ ಪುಸ್ತಕ ತೆರೆದು ತೋರಿಸಿ. "ಅದರಾಚೆಗೆ ಅಕ್ಷರಗಳು ದಾರಿ ತಪ್ಪುತ್ತವೆ. ನೀನು ಒಂದು ಕಳಿಸಿದ್ರೆ ಆ ಕಡೆ ಇನ್ನೊಂದು ಬರುತ್ತೆ. ದೂರ ಹೋಗ್ಬೇಕಂದ್ರೆ ಒಂದೊಂದು ಪರದೆಗೂ ಬೇರೆ ಪೆಟ್ಟಿಗೆ ಕೊಳ್ಳಬೇಕು."

"ಮೇಲಿನ ಮಹಡಿಗೆ ಎಷ್ಟಾಗುತ್ತೆ?"

"ನಲವತ್ತಾದ್ರೂ ಆಗುತ್ತೆ. ಯಾಕೆ?"

"ಸುಮ್ನೆ," ಎಂದಳು ಟೇಪಕ್ಕ. ಸುಮ್ಮನೆ ಎನ್ನುವಾಗ ಅವಳ ಮುಖ ಹೊಸ ಟ್ಯೂಬ್‌ಲೈಟಿನ ಹಾಗೆ ಬೆಳಗುತ್ತಿತ್ತು.

ದೊಡ್ಡ ಕೋಣೆಯ ಕೊನೆಯ ಗೋಡೆಗೆ ಕಲ್ಲಿನ ಕಟ್ಟೆಯೊಂದಿತ್ತು. ಹಿಂದೆ ಅದು ರಸಾಯನಶಾಸ್ತ್ರದವರ ಪ್ರಯೋಗಾಲಯ. ವಿದ್ಯುತ್ ಪ್ಲಗ್ಗುಗಳೆಲ್ಲ ಆ ಕಟ್ಟೆಯ ಮೇಲೆಯೇ. ಪರದೆಗಳು ಅಲ್ಲೇ ಕೂರಬೇಕು. ತಂತಿಯನ್ನು ಕಿಟಕಿಯಿಂದ ತರೋಣವೆಂದರೆ ಕಂಬಳಿಯಣ್ಣ ಒಪ್ಪಲಿಲ್ಲ. "ಕಿಟಕಿ ಕಾರ್ಡಿಗೆ. ತಂತಿ ಬಾಗಿಲ ಮೇಲಿಂದ ಬರಲಿ," ಎಂದು ಕಡ್ಡಿ ಮುರಿದ ಹಾಗೆ ಹೇಳಿದ. ಸರಿ, ಮಿಷನ್ನಿನಿಂದ ಗೋಡೆ, ಗೋಡೆ ಹತ್ತಿ ಬಾಗಿಲು, ಬಾಗಿಲು ಇಳಿದು ಕಟ್ಟೆಯ ಕೊನೆ: ಕೊರಳಿನ ಟೇಪಿನಿಂದ ಮೂರು ಸಲ ಅಳೆದಳು. ಟೇಪು ಒಂದೂವರೆ ಮೀಟರು. ಸರಿಯಾಗಿ ಹತ್ತು ಟೇಪು. ಹದಿನೈದು ಮೀಟರಿಗೆ ಒಂದು ಕೂದಲೂ ಹೆಚ್ಚಿಲ್ಲ, ಒಂದು ಕೂದಲೂ ಕಡಿಮೆಯಿಲ್ಲ. ಕಟ್ಟಡ ಕಟ್ಟಿದವನೇ ತನ್ನ ಪರವಾಗಿದ್ದಾನೆಂದು ಅವಳಿಗೆ ಅನಿಸಿತು.

ಟೆಂಡರಿನ ಕರಡಿನಲ್ಲಿ ಮೂವತ್ತೊಂದನೇ ಸಾಲು ಹೀಗಿತ್ತು: ಪ್ರತಿ ಪರದೆಗೂ ಹದಿನೈದು ಮೀಟರ್ ಉದ್ದದ, ಜೋಡಣೆಯಿಲ್ಲದ ಒಂದೇ ತಂತಿ. ಅವಳು ಅದನ್ನು ಬಚ್ಚಿಡಲಿಲ್ಲ. ಆರು ಸಭೆ ನಡೆದವು, ಆರರಲ್ಲೂ ಆ ಸಾಲನ್ನು ಗಂಟಲು ಸರಿಮಾಡಿಕೊಂಡು ಜೋರಾಗಿಯೇ ಓದಿದಳು. ಆದರೆ ಸಭೆ ನಾಲ್ಕನೇ ಸಾಲಿನಲ್ಲೇ ನಿಂತಿತ್ತು: ಅಕ್ಷರಗಳ ಬಣ್ಣ.

"ಹಸಿರು ಕಣ್ಣಿಗೆ ತಂಪು," ಎಂದರು ಅಧ್ಯಕ್ಷರು.

"ಕಿತ್ತಳೆ ದೂರಕ್ಕೂ ಕಾಣುತ್ತೆ," ಎಂದರು ಎದುರಿಗೆ ಕೂತವರು.

"ಪರದೆ ಮೂಗಿನ ಮುಂದೆ ಇರುತ್ತೆ, ದೂರಕ್ಕೆ ಕಂಡು ಏನಾಗಬೇಕು? ಹಡಗಿಗೆ ದಾರಿ ತೋರಿಸ್ತೀರಾ?"

ಆ ಜಗಳದಲ್ಲಿ ಕುಡಿದ ಚಹಾದಲ್ಲಿ ಸಣ್ಣ ದೋಣಿಯೊಂದನ್ನು ತೇಲಿಸಬಹುದಿತ್ತು. ಅಂದಿನಿಂದ ಅಧ್ಯಕ್ಷರಿಗೆ ಹಸಿರು ಮೇಷ್ಟ್ರು ಎಂಬ ಹೆಸರು ಬಿತ್ತು. ಆರನೇ ಸಭೆಯಲ್ಲಿ ಮೂರು ಹಸಿರು, ಮೂರು ಕಿತ್ತಳೆ ಎಂದು ರಾಜಿಯಾಗಿ, ಆರೂ ಮಂದಿ ಕಾಗದಕ್ಕೆ ಸಹಿ ಹಾಕಿದರು. ಮೂವತ್ತೊಂದನೇ ಸಾಲು ಅವರ ಆರು ಸಹಿಗಳ ಮೇಲೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಮಲಗಿತ್ತು.

ಮೂರು ತಿಂಗಳಿಗೆ ಲಾರಿ ಬಂತು. ಬೆಳಿಗ್ಗೆ ಹತ್ತಕ್ಕೆ ಅದು ಗೇಟು ದಾಟಿದ್ದೇ ತಡ, ತರಗತಿಗಳು ತಮ್ಮಷ್ಟಕ್ಕೆ ತಾವೇ ಖಾಲಿಯಾದವು. ಒಬ್ಬ ಉಪನ್ಯಾಸಕರು ಅರ್ಧ ಗಂಟೆ ಬೆಂಚುಗಳಿಗೆ ಪಾಠ ಮಾಡಿ, ಈ ದಿನ ಗಲಾಟೆ ಕಡಿಮೆ ಎಂದು ಸಂತೋಷಪಟ್ಟರಂತೆ. ಇನ್ನೂರು ಮಕ್ಕಳು ಆರು ಪೆಟ್ಟಿಗೆಗಳ ಸುತ್ತ ಸೇರಿದರು. ಅವರಲ್ಲಿ ಮುಂದೆ ನಿಂತವಳು ಉದ್ದಜಡೆ. ಹೋದ ತಿಂಗಳು ಮುನ್ನೂರು ಕಾರ್ಡಿನ ಕಟ್ಟನ್ನು ಮೆಟ್ಟಿಲ ಮೇಲೆ ಬೀಳಿಸಿ, ಚದುರಿದ ಕಾರ್ಡುಗಳನ್ನು ಜೋಡಿಸಲು ನಾಲ್ಕು ದಿನ ಕೂತವಳು.

"ಅಕ್ಕ, ಪೆಟ್ಟಿಗೆ ನಾನು ಹಿಡಿಯಲಾ?"

"ಹಿಡಿ. ಬೀಳಿಸಿದ್ರೆ ಈ ಸಲ ನಾಲ್ಕು ದಿನ ಸಾಲಲ್ಲ."

ಕಂಪನಿಯಿಂದ ಬಂದ ಇಂಜಿನಿಯರು ಟೈ ಕಟ್ಟಿದ ಗಂಭೀರ ಮನುಷ್ಯ. ಮೊದಲೇ ಹೇಳಿಬಿಟ್ಟ: "ಐದು ಗಂಟೆ ರೈಲಿಗೆ ನಾನು ಹೊರಡಬೇಕು. ಅಷ್ಟರಲ್ಲಿ ಆರೂ ಓಡಿದ್ರೆ ಸಹಿ. ಇಲ್ಲ ಅಂದ್ರೆ ಮಾಲು ವಾಪಸ್, ಹೊಸ ಟೆಂಡರು."

ಪೆಟ್ಟಿಗೆಗಳು ಬಿಚ್ಚಿದವು. ಬೂದು ಬಣ್ಣದ ಆರು ಪರದೆಗಳು ಕಲ್ಲಿನ ಕಟ್ಟೆಯ ಮೇಲೆ ಸಾಲಾಗಿ ಕೂತಾಗ ಕೋಣೆಯಲ್ಲಿ ಎಂಥ ಮೌನವಾಯಿತೆಂದರೆ ಕಂಬಳಿಯಣ್ಣನ ಹಲ್ಲು ಕಟಕಟಿಸುವುದು ಗೋಡೆಯಾಚೆಯಿಂದ ಕೇಳಿಸಿತು. ಆ ಮೌನವನ್ನು ಮುರಿದದ್ದು ಹಸಿರು ಮೇಷ್ಟ್ರ ಬೂಟಿನ ಸದ್ದು. ಹಿಂದೆ ಇಬ್ಬರು ಜವಾನರು.

"ಒಂದನ್ನ ಎತ್ತಿ. ಹಸಿರಿಂದು. ಹುಷಾರಾಗಿ ಮೇಲೆ ತಗೊಂಡು ಹೋಗಿ."

"ಮೇಲಕ್ಕೆ ಹೋಗೋದಿಲ್ಲ ಸಾರ್," ಎಂದ ಇಂಜಿನಿಯರು. "ತಂತಿ ಹದಿನೈದೇ ಮೀಟರು. ಆರ್ಡರಿನಲ್ಲಿ ಹಾಗೇ ಇದೆ."

"ಯಾವ ಮುಠ್ಠಾಳ ಹಾಗೆ ಬರೆದದ್ದು?"

ಟೇಪಕ್ಕ ಫೈಲು ತಂದು ಮೂವತ್ತೊಂದನೇ ಸಾಲಿನ ಮೇಲೆ ಬೆರಳಿಟ್ಟಳು. ಬೆರಳಿನ ಕೆಳಗೆ ಎರಡು ಅಂಗುಲದಲ್ಲಿ ಹಸಿರು ಮೇಷ್ಟ್ರ ಸುಂದರವಾದ ಸಹಿ. "ಆರು ಸಲ ಓದಿದೆ ಸಾರ್. ಮೂರನೇ ಸಲ ನೀವು, ಹೂಂ ಮುಂದೆ ಓದಿ, ಅಂದಿರಿ. ಅದನ್ನೂ ನಡಾವಳಿಯಲ್ಲಿ ಬರೆದಿದೀನಿ."

ಮೇಷ್ಟ್ರ ಮುಖ ಮೊದಲು ಕಿತ್ತಳೆಯಾಗಿ ಆಮೇಲೆ ತಮ್ಮ ಮೆಚ್ಚಿನ ಬಣ್ಣಕ್ಕೆ ತಿರುಗಿತು. ಕುರ್ಚಿ ಎಳೆದುಕೊಂಡು ಕೂತರು. "ಆಯ್ತು. ಇಲ್ಲಿಗಾದ್ರೂ ಬರುತ್ತಾ ನೋಡೋಣ."

ತಂತಿ ಮಿಷನ್ನಿನಿಂದ ಹೊರಟಿತು. ಗೋಡೆ ಹತ್ತಿತು, ಬಾಗಿಲು ದಾಟಿತು, ಇಳಿಯಿತು, ನೆಲದಲ್ಲಿ ಹರಿದು ಕಟ್ಟೆಯ ಹತ್ತಿರ ಬಂದು, ಎರಡು ಗೇಣು ದೂರದಲ್ಲಿ ಬಿಗಿಯಾಗಿ ನಿಂತುಬಿಟ್ಟಿತು. ಇಂಜಿನಿಯರು ಎಳೆದ. ತಂತಿ ಅಲುಗಲಿಲ್ಲ. ಎರಡನೆಯದು ಎಳೆದರು, ಅದೂ ಅಲ್ಲಿಗೇ. ಆರೂ ತಂತಿಗಳು ಕಟ್ಟೆಯ ಮುಂದೆ, ಊಟಕ್ಕೆ ಕರೆದು ಎಲೆ ಹಾಕದ ನೆಂಟರ ಹಾಗೆ ಬಾಯಿ ತೆರೆದುಕೊಂಡು ನಿಂತವು.

ಟೇಪಕ್ಕ ಇಂಜಿನಿಯರಿನತ್ತ ತಿರುಗಿದಳು. "ತಂತಿ ಕಡಿಮೆ ಕಳಿಸಿದ್ದೀರಿ."

ಇಂಜಿನಿಯರು ಉಕ್ಕಿನ ಟೇಪು ತೆಗೆದು ಅಳೆದ. ಹದಿನೈದು ಮೀಟರು, ಚಾಚೂ ತಪ್ಪದೆ.

"ಪರದೆನೇ ಈಚೆ ತರೋಣ," ಎಂದಳು ಉದ್ದಜಡೆ. ಪರದೆಯ ವಿದ್ಯುತ್ ವೈರು ಮೊಳದುದ್ದ, ಪ್ಲಗ್ಗು ಕಟ್ಟೆಯ ಹಿಂದಿನ ಗೋಡೆಯಲ್ಲಿ. ಕಟ್ಟೆ ಕಲ್ಲಿನದು, ತಳ್ಳಿದರೆ ಜರುಗುವಂಥದಲ್ಲ. ತಂತಿಗೆ ತುಂಡು ಸೇರಿಸೋಣವೆಂದರೆ ಇಂಜಿನಿಯರು ತಲೆ ಅಲ್ಲಾಡಿಸಿದ. ಜೋಡಣೆಯಿಲ್ಲದ ಒಂದೇ ತಂತಿ ಎಂದು ಟೇಪಕ್ಕನೇ ಬರೆದಿದ್ದಳಲ್ಲ.

ಹಸಿರು ಮೇಷ್ಟ್ರು ಕುರ್ಚಿಯಲ್ಲಿ ಹಿಂದಕ್ಕೊರಗಿದರು. "ಮೂರೂವರೆ ಆಯ್ತು. ಪಾಪ, ವಾಪಸ್ ಕಳಿಸಿಬಿಡಿ. ಹೊಸ ಟೆಂಡರ್ ಕರೆಯೋಣ. ಈ ಸಲ ಎಲ್ಲ ಸಾಲೂ ನಾನೇ ಓದ್ತೀನಿ."

ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವುದೆಂದರೆ ಏನೆಂದು ಟೇಪಕ್ಕನಿಗೆ ಎರಡನೇ ಸಲ ಅರ್ಥವಾಗುತ್ತಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ದರ್ಜಿ ಕಾಣಿಸಿಕೊಂಡ, ಕೈಯಲ್ಲಿ ಬಣ್ಣ ಬಣ್ಣದ ಚಿಂದಿಗಳ ಚೀಲ. ಸರದಿಯ ಚಿಂದಿಗಳನ್ನು ಆ ದಿನಕ್ಕೇ ಸಿದ್ಧ ಮಾಡಿಕೊಡುತ್ತೇನೆಂದಿದ್ದ.

"ರೀ, ಹತ್ತು ಟೇಪು ಸರಿಯಾಗಿ ಅಳೆದಿದ್ದೆ," ಎಂದಳು ಅವಳು. "ಎರಡು ಗೇಣು ಎಲ್ಲಿ ಹೋಯ್ತು?"

ದರ್ಜಿ ಅವಳ ಕೊರಳಿನ ಟೇಪು ತೆಗೆದ. ತನ್ನ ಜೇಬಿನ ಹೊಸ ಟೇಪಿನ ಪಕ್ಕ ಹಿಡಿದ. ಹಳೆಯದು ಎರಡೂವರೆ ಬೆರಳು ಉದ್ದಕ್ಕೆ ಇಳಿಬಿತ್ತು.

"ಇದು ಎಳೆದು ಎಳೆದು ಉದ್ದ ಆಗಿದೆ ಕಣೇ. ಅದಕ್ಕೇ ತಾನೆ ನಿನಗೆ ಕೊಟ್ಟಿದ್ದು? ಹಳೇದ್ರಲ್ಲಿ ಅಳತೆ ತಗೊಂಡು ಹೊಸದ್ರಲ್ಲಿ ಕತ್ತರಿಸಿ, ಒಬ್ಬರ ಪ್ಯಾಂಟು ಎಷ್ಟು ಬಿಗಿ ಆಗಿತ್ತು ಅಂದ್ರೆ ಅವರು ಮೂರು ದಿನ ನಿಂತೇ ಊಟ ಮಾಡಿದ್ರು."

"ಕೊಡುವಾಗ ಹೇಳಬಾರದಿತ್ತಾ?"

"ಕೊರಳಿಗೆ ಚಂದಕ್ಕೆ ಅಂದುಕೊಂಡೆ. ನೀನು ವಿಶ್ವವಿದ್ಯಾಲಯ ಅಳೀತೀಯ ಅಂತ ನನಗೇನು ಗೊತ್ತು?"

ಮಕ್ಕಳಲ್ಲಿ ಯಾರೋ ಕಿಸಕ್ಕೆಂದರು. ಟೇಪಕ್ಕ ನಗಲಿಲ್ಲ. "ಈಗ ಏನ್ರೀ ಮಾಡೋದು? ಬಟ್ಟೆ ಕಡಿಮೆ ಬಿದ್ದರೆ ನೀವೇನು ಮಾಡ್ತೀರಿ?"

"ಬಟ್ಟೆ ಎಳೆಯಕ್ಕಾಗಲ್ಲ. ಹಾಸಿದ ಬಗೆ ಬದಲಾಯಿಸ್ತೀವಿ. ಉದ್ದಕ್ಕೆ ಹಾಸಿದ್ದನ್ನ ಓರೆಗೆ ಹಾಸಿದ್ರೆ ಅದರಲ್ಲೇ ಅಂಗಿ ಹೊರಡುತ್ತೆ."

ಅವಳು ತಂತಿಯ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿದಳು. ಗೋಡೆ ಹತ್ತಿ, ಬಾಗಿಲ ನೆತ್ತಿ ದಾಟಿ, ಮತ್ತೆ ಇಳಿದು. ನೇರ ದಾರಿ ಯಾವುದು? ಕಣ್ಣು ಹೋಗಿ ನಿಂತದ್ದು ಕಾರ್ಡಿನ ಕಿಟಕಿಯ ಮೇಲೆ. ಕಿಟಕಿಯಲ್ಲಿ ಕಂಬಳಿಯಣ್ಣನ ಮುಖ.

"ಇಲ್ಲ," ಎಂದ ಅವನು, ಅವಳು ಬಾಯಿ ತೆರೆಯುವ ಮೊದಲೇ.

"ಕಂಬಳಿಯಣ್ಣ, ಅಲ್ಲಿಂದ ತಂದ್ರೆ ಒಂದೂವರೆ ಮೀಟರ್ ಉಳಿಯುತ್ತೆ."

"ಆರು ತಂತಿ ತೂರಿಸಿದ್ರೆ ಕಿಟಕಿ ಮುಚ್ಚಲ್ಲ, ತೆರೆಯಲ್ಲ. ಕಾರ್ಡು ಎಲ್ಲಿಂದ ತಗೊಳ್ಳಲಿ? ಹದಿನಾರು ವರ್ಷ ಈ ಕಿಟಕೀಲಿ ಕೂತಿದೀನಿ. ನೀನೂ ಇಲ್ಲೇ ನಿಂತಿದ್ದೆ."

"ಅದಕ್ಕೇ ಕೇಳ್ತಿದೀನಿ. ಏಳು ಸಲ ನಿಂತಿದ್ದೆ. ಏಳು ಸಲವೂ ಕಟ್ಟು ತಿರುಗಿ ಕೊಡುವಾಗ ನೀನು ನನ್ನ ಮುಖ ನೋಡ್ತಿರಲಿಲ್ಲ. ಯಾಕೆ ಹೇಳು?"

ಕಂಬಳಿಯಣ್ಣ ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡ. "ನೋಡಕ್ಕಾಗ್ತಿರಲಿಲ್ಲ," ಎಂದ. ಆಮೇಲೆ, ಸೋಲುವ ಮನುಷ್ಯ ಕೊನೆಯ ಕಡ್ಡಿ ಹಿಡಿಯುವ ಹಾಗೆ, "ಇವತ್ತಿನ ಹನ್ನೊಂದು ಕಟ್ಟು ಸಾಲಿನಲ್ಲಿವೆ. ಅವಕ್ಕೆ ಏನು ಹೇಳಲಿ?"

ಉದ್ದಜಡೆ ಮುಂದೆ ಬಂದು ಕಿಟಕಿಯೊಳಗೆ ಕೈ ಹಾಕಿದಳು. "ನನ್ನ ಕಟ್ಟು ಕೊಡಿ ಅಣ್ಣ. ನನಗೆ ಬೇಡ." ಅವಳ ಹಿಂದೆ ಇನ್ನೊಬ್ಬ. ಅವನ ಹಿಂದೆ ಮತ್ತೊಬ್ಬ. ಹನ್ನೊಂದು ಕೈಗಳು ಹನ್ನೊಂದು ಕಟ್ಟುಗಳನ್ನು ಹಿಂದಕ್ಕೆ ಪಡೆದವು. ಆ ಕಿಟಕಿಯ ಚರಿತ್ರೆಯಲ್ಲೇ ಸಾಲು ಅಷ್ಟು ಬೇಗ ಕರಗಿದ್ದು ಅದೇ ಮೊದಲು.

ಕಂಬಳಿಯಣ್ಣ ಕಂಬಳಿಯನ್ನು ತೆಗೆದು ಕುರ್ಚಿಯ ಮೇಲೆ ಹಾಕಿದ. ಅವನಿಗೂ ಮೈಯಿದೆ, ಅಂಗಿಯಿದೆ ಎಂದು ಜನಕ್ಕೆ ಆ ದಿನ ಗೊತ್ತಾಯಿತು. ಬಾಗಿಲ ಮೇಲಿನ ತಂತಿಗಳನ್ನು ತಾನೇ ಕೆಳಗೆಳೆದು, ಒಂದನ್ನು ಕಿಟಕಿಯಿಂದ ಹೊರಗೆ ಚಾಚಿ, ರೂಢಿ ಬಿಡದ ದನಿಯಲ್ಲಿ ಕೇಳಿದ: "ಟೋಕನ್ ಎಲ್ಲಿ?"

ಕೋಣೆ ನಗೆಯಲ್ಲಿ ಕುಣಿಯಿತು. ಇನ್ನೂರು ಜನ ಒಂದು ತಂತಿಯನ್ನು ಹಿಡಿದು ಕಟ್ಟೆಗೆ ಒಯ್ದರು. ಕಟ್ಟೆ ಮುಟ್ಟಿತು. ಮುಟ್ಟಿ, ಇನ್ನೂ ಒಂದು ಸುತ್ತು ಸುತ್ತಿ ಕೂರುವಷ್ಟು ಉಳಿಯಿತು. ಎರಡು, ಮೂರು, ನಾಲ್ಕು. ಇಂಜಿನಿಯರಿನ ಟೈ ಬೆನ್ನ ಹಿಂದೆ ಹೋಗಿತ್ತು. ಅವನ ಗಂಭೀರತೆಯೂ ಅದರ ಜೊತೆಗೇ ಹೋಗಿತ್ತು. ನಾಲ್ಕೂವರೆಗೆ ಆರೂ ಸ್ವಿಚ್ಚುಗಳನ್ನು ಒತ್ತಿದ. ಪರದೆಗಳು ಮೊದಲು ಮಿಣಮಿಣ ಅಂದವು. ಆಮೇಲೆ ಒಂದೊಂದರ ಮೂಲೆಯಲ್ಲೂ ಬೆಳಕಿನ ಒಂದು ಸಣ್ಣ ಚೌಕ ಮೂಡಿ, ಹೇಳು, ಏನು ಬೇಕು ಎನ್ನುವ ಹಾಗೆ ಕಣ್ಣು ಮಿಟುಕಿಸತೊಡಗಿತು. ಮೂರು ಹಸಿರು, ಮೂರು ಕಿತ್ತಳೆ.

ಉದ್ದಜಡೆ ಎರಡು ಕೂಡಿಸು ಎರಡು ಎಂದು ಟೈಪು ಮಾಡಿದಳು. ಕಣ್ಣೆವೆ ಬಡಿಯುವ ಮೊದಲು ನಾಲ್ಕು ಬಂತು. ಎರಡು ಕೂಡಿಸು ಎರಡು ನಾಲ್ಕು ಎಂದು ತಿಳಿದು ಇನ್ನೂರು ಜನ ಅಷ್ಟು ಸಂಭ್ರಮಿಸಿದ್ದು ಲೋಕದಲ್ಲಿ ಬೇರೆಲ್ಲೂ ಇರಲಾರದು. ಆ ಗದ್ದಲಕ್ಕೆ ಮೇಲಿನ ಮಹಡಿಯ ಆರು ಫ್ಯಾನುಗಳು ನಿಂತು ಕೇಳಿದವೆಂದು ಜವಾನ ಆಣೆ ಮಾಡಿ ಹೇಳುತ್ತಿದ್ದ.

ಹಸಿರು ಮೇಷ್ಟ್ರು ಎದ್ದು ಬಂದರು. ಎಲ್ಲರೂ ದಾರಿ ಬಿಟ್ಟರು. ಅವರು ಹಸಿರು ಪರದೆಯೊಂದನ್ನು ದಿಟ್ಟಿಸಿದರು, ಬಗ್ಗಿ ಇನ್ನೂ ಹತ್ತಿರದಿಂದ ನೋಡಿದರು. ಮುಖದಲ್ಲಿ ಸಿಟ್ಟು ಹುಡುಕಿದರೂ ಸಿಗುವಂತಿರಲಿಲ್ಲ.

"ಕಣ್ಣಿಗೆ ತಂಪು ಅಂತ ನಾನು ಹೇಳಲಿಲ್ವಾ?" ಎಂದರು ಮೆಲ್ಲಗೆ. ಸ್ವೀಕಾರ ಪತ್ರಕ್ಕೆ ಸಹಿ ಹಾಕಿದರು. ಈ ಸಲ ಪೂರ್ತಿ ಓದಿ ಹಾಕಿದರು. ಆಮೇಲೆ ದರ್ಜಿಯ ಚೀಲಕ್ಕೆ ಕೈ ಹಾಕಿ, "ನನಗೂ ಒಂದು ಚಿಂದಿ ಕೊಡಿ. ಹಸಿರಿಂದು."

"ನಲವತ್ತೇಳನೇ ನಂಬರು ಸಾರ್," ಎಂದ ದರ್ಜಿ. "ಅರ್ಧ ಗಂಟೆ ಮಾತ್ರ. ಹೆಚ್ಚಾದ್ರೆ ನಮ್ಮ ಅಮ್ಮನ್ನ ಕಳಿಸ್ತೀನಿ."

ಟೇಪಕ್ಕನೂ ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಒಂದು ಚಿಂದಿ ತೆಗೆದುಕೊಂಡಳು. ಕಿತ್ತಳೆ, ಅರವತ್ತೆರಡು. ಅದರ ಸರದಿ ಒಂಬತ್ತನೇ ದಿನ ಮಧ್ಯಾಹ್ನ ಬಂತು. ಊಟದ ಬಿಡುವಿನಲ್ಲಿ ಅವಳು ಖಾನೆಯಿಂದ ಹದಿನಾಲ್ಕು ಕಾರ್ಡು ತೆಗೆದಳು. ರಬ್ಬರ್ ಬ್ಯಾಂಡು ಮುಟ್ಟಿದೊಡನೆ ತುಂಡಾಯಿತು. ಕೊರಳಲ್ಲಿ ಹೊಸ ಟೇಪಿತ್ತು. ಹಳೆಯದನ್ನು ಕಂಬಳಿಯಣ್ಣ ಕೇಳಿ ಪಡೆದು, ಕಿಟಕಿಯಲ್ಲಿ ಆರು ತಂತಿಗಳನ್ನು ಒಟ್ಟಿಗೆ ಬಿಗಿಯಲು ಬಳಸಿದ್ದ.

ಕಾರ್ಡಿನ ತಲೆಯ ಮೇಲಿದ್ದ ಅಕ್ಷರಗಳನ್ನು ನೋಡಿ ಒಂದೊಂದೇ ಕೀಲಿ ಹುಡುಕಿ ಒತ್ತಿದಳು. ಹದಿನಾಲ್ಕು ಸಾಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಯ ಕೀಲಿ ಒತ್ತಿದಳು. ಕೂಡಲೇ ಪರದೆ ಹೇಳಿತು: ಏಳನೇ ಸಾಲು, ಅಂಕಿ ಒಂದು ಮನೆ ಎಡಕ್ಕೆ ಬಿದ್ದಿದೆ.

ಅವಳು ಕಾರ್ಡನ್ನು ಬೆಳಕಿಗೆ ಹಿಡಿದಳು. ಹೌದು. ಒಂದೇ ಒಂದು ತೂತು, ಒಂದೇ ಒಂದು ಮನೆ ಎಡಕ್ಕೆ. ಅಳೆಯುವುದರಲ್ಲಿ ಹೆಸರಾದವಳು ಹನ್ನೊಂದು ವರ್ಷ ಅದನ್ನು ಕಂಡಿರಲಿಲ್ಲ. ಅಂಕಿಯನ್ನು ಬಲಕ್ಕೆ ಸರಿಸಿದಳು. ಗಂಡನ ಎದೆಸುತ್ತು, ತೋಳು, ಉದ್ದ ಕೊಟ್ಟಳು. ಅವು ಬಾಯಿಪಾಠ.

ಎರಡು ಮೀಟರು, ಇಪ್ಪತ್ತು ಸೆಂಟಿಮೀಟರು.

ಕಿತ್ತಳೆ ಅಕ್ಷರಗಳು ನಿಜಕ್ಕೂ ದೂರಕ್ಕೆ ಕಾಣುವಂಥವು. ಕಣ್ಣು ತುಂಬಿಕೊಂಡಿದ್ದರೂ ಅವಳಿಗೆ ಸ್ಪಷ್ಟವಾಗಿ ಕಂಡವು. ತಿರುಗಿ ಒಮ್ಮೆ ಓದಿದಳು, ಮತ್ತೊಮ್ಮೆ ಓದಿದಳು. ಇನ್ನು ಅತ್ತೆಯ ಅಳತೆ ಹಾಕಿ ನೋಡಬೇಕು, ಆಮೇಲೆ ಕಂಬಳಿಯಣ್ಣನದು, ಆಮೇಲೆ ಕುಲಪತಿಗಳ ಆ ಭುಜ.

ಬೆನ್ನ ಹಿಂದೆ ಯಾರೋ ಕೆಮ್ಮಿದರು. ಅರವತ್ತಮೂರನೇ ನಂಬರಿನ ಚಿಂದಿ ಹಿಡಿದು ಉದ್ದಜಡೆ ನಿಂತಿದ್ದಳು.

"ಅಕ್ಕ, ಅರ್ಧ ಗಂಟೆ ಆಯ್ತು."

"ಎರಡೇ ನಿಮಿಷ ಕಣೇ."

"ನಿಯಮ ಮಾಡಿದ್ದು ಯಾರಕ್ಕ?"

ಟೇಪಕ್ಕ ಎದ್ದಳು. ಕೂತ ಕುರ್ಚಿಯನ್ನು ಸೆರಗಿನಿಂದ ಒರೆಸಿ ಅವಳಿಗೆ ಬಿಟ್ಟುಕೊಟ್ಟು, ಹೊಸ ಚಿಂದಿಗಾಗಿ ಸಾಲಿನ ಕೊನೆಗೆ ಹೋಗಿ ನಿಂತಳು.